ಕಾಲಿಗೆ ಕಾವಲು

ಆರೋಪಿಯ ಕಾಲಿಗೆ ಕಟ್ಟುವ ಜಿಪಿಎಸ್ ಪಟ್ಟಿಯ ಕತೆ ಹೇಳುವವರೆಲ್ಲ ಸ್ಪೈಡರ್‌ಮ್ಯಾನ್‌ನಿಂದಲೇ ಶುರು ಮಾಡುತ್ತಾರೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಒಬ್ಬ ಜಡ್ಜ್ ಇದ್ದರು, ಪೇಪರಿನಲ್ಲಿ ಬರುತ್ತಿದ್ದ ಚಿತ್ರಕತೆ ನೋಡಿ ಅವರಿಗೆ ಇದು ಹೊಳೆಯಿತು, ಇತ್ಯಾದಿ. ಸುಳ್ಳೇನಲ್ಲ. ಆದರೆ ಮೈಸೂರು ಕೋರ್ಟಿನಲ್ಲಿ ಜಾಮೀನು ಅರ್ಜಿ ಹಾಕಿಕೊಂಡೇ ತಲೆ ನರೆಸಿಕೊಂಡ ನನ್ನಂಥ ಕ್ರಿಮಿನಲ್ ವಕೀಲನಿಗೆ ಅದಕ್ಕೂ ಹಿಂದಿನ ಕತೆ ಮುಖ್ಯ. ಆ ಹಿಂದಿನ ಕತೆಯಲ್ಲಿ ಪಟ್ಟಿ ಕಟ್ಟಿಸಿಕೊಂಡವನಿಗೆ ಆಚೆ ಕಡೆಯಿಂದ ಉತ್ತರ ಬರುವ ಏರ್ಪಾಡಿತ್ತು.

1960ರ ದಶಕದ ಮೊದಲ ವರ್ಷಗಳು. ಹಾರ್ವರ್ಡ್‌ನಲ್ಲಿ ರಾಲ್ಫ್ ಮತ್ತು ರಾಬರ್ಟ್ ಶ್ವಿಟ್ಸ್‌ಗೆಬೆಲ್ ಎಂಬ ಅವಳಿ ಸೋದರರು ಮನಶ್ಶಾಸ್ತ್ರ ಓದುತ್ತಿದ್ದರು. (ಆ ಉದ್ದನೆಯ ಹೆಸರು ಅವರಿಗೂ ಭಾರವಾಗಿರಬೇಕು, ಮುಂದೆ ಗೇಬಲ್ ಎಂದು ಬದಲಿಸಿಕೊಂಡರು.) ಪೊಲೀಸ್ ಕೇಸುಗಳನ್ನು ಮೈಮೇಲೆ ಹಾಕಿಕೊಂಡು ಬೀದಿ ತಿರುಗುತ್ತಿದ್ದ ಹುಡುಗರನ್ನು ರಾಲ್ಫ್ ಮಾತಾಡಿಸಿ ಕರೆತಂದು ಟೇಪ್ ರೆಕಾರ್ಡರ್ ಮುಂದೆ ಕೂರಿಸುತ್ತಿದ್ದರು. ನಿನ್ನ ಬದುಕಿನ ಬಗ್ಗೆ ಏನು ಬೇಕಾದರೂ ಹೇಳು, ಹೇಳಿದ್ದಕ್ಕೆ ದುಡ್ಡು ಕೊಡುತ್ತೇನೆ ಅನ್ನುವುದು ಒಪ್ಪಂದ. ಹೊತ್ತಿಗೆ ಸರಿಯಾಗಿ ಬಂದವನಿಗೆ ಮೇಲೊಂದಿಷ್ಟು ಭಕ್ಷೀಸು. ಯಾರ ಮಾತನ್ನೂ ಕೇಳದ ಹುಡುಗರು ತಮ್ಮ ಮಾತು ಕೇಳುವವರಿದ್ದಾರೆಂದು ಗೊತ್ತಾದ ಮೇಲೆ ತಾವಾಗಿಯೇ ಬರತೊಡಗಿದರು. ಇದೇ 1964ರಲ್ಲಿ 'ಸ್ಟ್ರೀಟ್‌ಕಾರ್ನರ್ ರಿಸರ್ಚ್' ಎಂಬ ಪುಸ್ತಕವಾಯಿತು.

ಆಗ ಹಾರ್ವರ್ಡ್‌ನಲ್ಲಿ ಬಿ. ಎಫ್. ಸ್ಕಿನ್ನರ್ ಅವರ ಕಾಲ. ಪಾರಿವಾಳ ಸರಿಯಾದ ಗುಂಡಿ ಕುಕ್ಕಿದಾಗ ಕಾಳು ಹಾಕಿದರೆ ಮತ್ತೆ ಅದನ್ನೇ ಕುಕ್ಕುತ್ತದೆ, ಬಡಿಯುವುದಕ್ಕಿಂತ ಕಾಳು ಹಾಕುವುದು ಹೆಚ್ಚು ಕೆಲಸ ಮಾಡುತ್ತದೆ ಎಂದು ಅವರು ತೋರಿಸಿಕೊಟ್ಟಿದ್ದರು. ಸೋದರರ ತಲೆಯಲ್ಲಿ ಕೊರೆಯುತ್ತಿದ್ದದ್ದು ಕಾಳು ಹಾಕುವ ಹೊತ್ತಿನ ಪ್ರಶ್ನೆ. ಹುಡುಗ ಶಾಲೆಗೆ ಹೋದನೋ, ಕೆಲಸಕ್ಕೆ ಹೋದನೋ ಆ ಕ್ಷಣವೇ ಗೊತ್ತಾದರೆ ತಾನೇ ಶಹಭಾಸ್ ಹೇಳಲು ಸಾಧ್ಯ? ಹಾಗಾಗಿ ಯಂತ್ರ ಬಂತು. ಸೊಂಟಕ್ಕೆ ಕಟ್ಟುವ ಎರಡು ಪೆಟ್ಟಿಗೆ, ಒಂದರಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ರೇಡಿಯೋ ಸಂಕೇತ ಕಳಿಸುವ ಸಲಕರಣೆ, ಎರಡೂ ಸೇರಿ ಸುಮಾರು ಒಂದು ಕೆಜಿ. ಕೇಂಬ್ರಿಜ್ ಮತ್ತು ಬಾಸ್ಟನ್ನಿನ ಕೆಲವು ಕಟ್ಟಡಗಳಲ್ಲಿ ಅದನ್ನು ಹಿಡಿಯುವ ರಿಸೀವರ್‌ಗಳು. ಹುಡುಗ ಎಲ್ಲಿದ್ದಾನೆಂದು ತೋರಿಸಲು ಕ್ಷಿಪಣಿಗಳ ಜಾಡು ಹಿಡಿಯುವ ಹಳೇ ಪರದೆಯನ್ನು ತಂದು ಮಾರ್ಪಡಿಸಿದ್ದರು. 1969ರಲ್ಲಿ ಪೇಟೆಂಟೂ ಸಿಕ್ಕಿತು, ನಂಬರು 3,478,344. ಅದರಲ್ಲಿ ಪೆಟ್ಟಿಗೆ ಸೊಂಟದಿಂದ ಮುಂಗೈಗೆ ಬಂದಿತ್ತು.

ಆ ಯಂತ್ರಕ್ಕೆ ಎರಡು ದಾರಿಯಿತ್ತು. ಹುಡುಗ ಎಲ್ಲಿದ್ದಾನೆಂಬ ಸುದ್ದಿ ಇತ್ತ ಬರುವಂತೆ ಇತ್ತಲಿಂದಲೂ ಅವನಿಗೆ ಸಂಕೇತ ಹೋಗುತ್ತಿತ್ತು. ತಪ್ಪಿದವನನ್ನು ಹಿಡಿದು ತರುವ ಉದ್ದೇಶ ತಮಗೆ ಇರಲೇ ಇಲ್ಲ ಎಂದು ರಾಬರ್ಟ್ ಗೇಬಲ್ ಇಳಿವಯಸ್ಸಿನಲ್ಲೂ ಹೇಳುತ್ತಿದ್ದರು. ಇರಬೇಕಾದ ಕಡೆ ಇದ್ದವನಿಗೆ ಬಹುಮಾನ ಕೊಡುವುದೇ ಅದರ ಕೆಲಸ.

ಯಾರೂ ಅದನ್ನು ಹಾಗೆ ನೋಡಲಿಲ್ಲ. 1966ರಲ್ಲಿ ಹಾರ್ವರ್ಡ್ ಲಾ ರಿವ್ಯೂ 'ಡಾ. ಶ್ವಿಟ್ಸ್‌ಗೆಬೆಲ್‌ರ ಯಂತ್ರ' ಎಂದೇ ಹೆಸರಿಟ್ಟು ಟಿಪ್ಪಣಿ ಬರೆಯಿತು. ವಕೀಲರ ಕಣ್ಣಿಗೆ ಬಿದ್ದದ್ದು ಖಾಸಗಿತನದ ಅಪಾಯ. ಜೈಲಿನವರ ಕಣ್ಣಿಗೆ ಆ ಯಂತ್ರ ಬೀಳಲೇ ಇಲ್ಲ. ಹುಡುಗರಿಗೆ ಬಹುಮಾನ ಹಂಚುವ ಯಂತ್ರವನ್ನು ಯಾವ ಕಂಪನಿ ತಯಾರಿಸೀತು? ಎಪ್ಪತ್ತರ ದಶಕದಲ್ಲಿ ಅದು ಮೂಲೆ ಸೇರಿತು.

ಈಗ ಸ್ಪೈಡರ್‌ಮ್ಯಾನ್. 1977ರಲ್ಲಿ ಪತ್ರಿಕೆಗಳಲ್ಲಿ ಬರುತ್ತಿದ್ದ ಚಿತ್ರಕತೆಯಲ್ಲಿ ಕಿಂಗ್‌ಪಿನ್ ಎಂಬ ಖಳನಾಯಕ ಸ್ಪೈಡರ್‌ಮ್ಯಾನ್‌ನ ಮುಂಗೈಗೆ ಬಿಚ್ಚಲಾಗದ ಪಟ್ಟಿಯೊಂದನ್ನು ತೊಡಿಸುತ್ತಾನೆ, ಅವನು ಎಲ್ಲಿ ಹೋದರೂ ಪತ್ತೆ. ಆಲ್ಬುಕರ್ಕಿಯ ಜಿಲ್ಲಾ ನ್ಯಾಯಾಧೀಶ ಜ್ಯಾಕ್ ಲವ್ ಅದನ್ನು ಕತ್ತರಿಸಿಟ್ಟುಕೊಂಡು ರಾಜ್ಯದ ಬಂದೀಖಾನೆ ಇಲಾಖೆಗೆ ಕಳಿಸಿದರು. ಇಲಾಖೆ ಏನು ಮಾಡುತ್ತದೆ? ನಮ್ಮಲ್ಲಿ ಏನು ಮಾಡುತ್ತಿತ್ತೋ ಅದನ್ನೇ ಮಾಡಿತು, ಫೈಲಿಗೆ ಸೇರಿಸಿತು. 1980ರ ಫೆಬ್ರವರಿಯಲ್ಲಿ ಸಾಂಟಾ ಫೆ ಹತ್ತಿರದ ಜೈಲಿನಲ್ಲಿ ದಂಗೆ ಎದ್ದು 33 ಕೈದಿಗಳು ಸತ್ತರು. ಸಣ್ಣಪುಟ್ಟ ತಪ್ಪು ಮಾಡಿದವರನ್ನು ಅಂಥ ಜಾಗಕ್ಕೆ ಕಳಿಸುವುದು ಹೇಗೆಂಬ ಪ್ರಶ್ನೆ ಜಡ್ಜನ್ನು ಬಿಡಲಿಲ್ಲ. ಕಂಪ್ಯೂಟರ್ ಮಾರುತ್ತಿದ್ದ ಮೈಕೆಲ್ ಗಾಸ್ ಎಂಬವರನ್ನು ಒಪ್ಪಿಸಿ ಪಟ್ಟಿ ಮಾಡಿಸಿದರು. ಸಿಗರೇಟ್ ಪ್ಯಾಕಿನಷ್ಟು ದೊಡ್ಡದು. ಪಟ್ಟಿ ಹಾಕಿಕೊಂಡವನು ಮನೆಯೊಳಗಿದ್ದರೆ ಟೆಲಿಫೋನಿಗೆ ಜೋಡಿಸಿದ ಪೆಟ್ಟಿಗೆಗೆ ಅದರ ಸಂಕೇತ ಸಿಗುತ್ತದೆ, ಹೊಸ್ತಿಲು ದಾಟಿ ದೂರ ಹೋದರೆ ಸಿಗುವುದಿಲ್ಲ. ಪೆಟ್ಟಿಗೆ ಫೋನ್ ಲೈನಿನಲ್ಲಿ ಕಂಪ್ಯೂಟರಿಗೆ ಚಾಡಿ ಹೇಳುತ್ತದೆ. ಅಷ್ಟೇ.

ಬೇರೆಯವರಿಗೆ ಕಟ್ಟುವ ಮೊದಲು ಲವ್ ಸಾಹೇಬರು ಅದನ್ನು ಮೂರು ವಾರ ತಾವೇ ಹಾಕಿಕೊಂಡು ಓಡಾಡಿದರು. ಈ ಒಂದು ವಿವರಕ್ಕಾಗಿ ನನಗೆ ಅವರ ಮೇಲೆ ಗೌರವ. ತಾವು ವಿಧಿಸುವ ಷರತ್ತನ್ನು ಒಂದು ದಿನ ಅನುಭವಿಸಿ ನೋಡಿದ ನ್ಯಾಯಾಧೀಶರು ಎಷ್ಟು ಜನ? 1983ರ ಏಪ್ರಿಲ್‌ನಲ್ಲಿ ಪ್ರೊಬೇಷನ್ ಷರತ್ತು ಮೀರಿದ ಒಬ್ಬನಿಗೆ ಜೈಲಿನ ಬದಲು ಒಂದು ತಿಂಗಳು ಪಟ್ಟಿ ಕಟ್ಟಲು ಆದೇಶಿಸಿದರು. ಆಮೇಲೆ ಬೆರಳೆಣಿಕೆಯ ಮಂದಿಗೆ ಕಟ್ಟುವಷ್ಟರಲ್ಲಿ ಗಾಸ್ ಅವರ ದುಡ್ಡು ಮುಗಿದಿತ್ತು. ಅವರ ಕಂಪನಿಯನ್ನು ಕೊಂಡದ್ದು ಕೊಲರಾಡೊದ ಬೌಲ್ಡರ್ ಊರಿನ ಬಿಐ ಎಂಬ ಸಂಸ್ಥೆ. ಅದರ ಕಸುಬು ಅಲ್ಲಿಯತನಕ ಹೈನುರಾಸುಗಳ ಕೊರಳಿಗೆ ಬಿಲ್ಲೆ ಕಟ್ಟಿ ಯಾವ ಹಸು ಎಷ್ಟು ಮೇವು ತಿಂದಿತೆಂದು ಲೆಕ್ಕ ಇಡುವುದು. ಹಸುವಿನಿಂದ ಮನುಷ್ಯನಿಗೆ ಬಡ್ತಿ! 2011ರಲ್ಲಿ ಆ ಬಿಐಯನ್ನು ಖಾಸಗಿ ಜೈಲುಗಳನ್ನು ನಡೆಸುವ ಜಿಯೋ ಗ್ರೂಪ್ ಕೊಂಡುಕೊಂಡಿತು. ಜೈಲಿಗೆ ಬದಲಿ ಎಂದು ಹುಟ್ಟಿದ ವಸ್ತು ಜೈಲಿನವರದೇ ಸರಕಾಯಿತು.

ಅವಳಿ ಸೋದರರ ಯಂತ್ರದ ಎರಡನೇ ದಾರಿ ಇಲ್ಲಿ ಮುಚ್ಚಿಹೋದದ್ದು. ಲವ್ ಅವರ ಪಟ್ಟಿ ಸುದ್ದಿ ಒಯ್ಯುತ್ತಿತ್ತು, ತರುತ್ತಿರಲಿಲ್ಲ. ಮೂವತ್ತು ದಿನ ನೆಟ್ಟಗೆ ಮನೆಯಲ್ಲಿದ್ದವನಿಗೆ ಒಂದು ಮಾತೂ ಇಲ್ಲ. ಮೂವತ್ತೊಂದನೇ ದಿನ ಹತ್ತು ನಿಮಿಷ ತಡವಾದರೆ ಗಂಟೆ ಬಾರಿಸುತ್ತದೆ. ಆಮೇಲೆ ಬಂದ ಪಟ್ಟಿಗಳು ಹಿಡಿದದ್ದೂ ಇದೇ ದಾರಿ.

ಜಿಪಿಎಸ್ ಸೇರಿದ್ದು 1997ರಲ್ಲಿ, ಫ್ಲಾರಿಡಾದಲ್ಲಿ. ಮೊದಮೊದಲು ಕಾಲಿಗೊಂದು ಪಟ್ಟಿ, ಜತೆಗೆ ಹೊತ್ತು ತಿರುಗಲು ಬೇರೊಂದು ಪೆಟ್ಟಿಗೆ. ಆಗ ಅಮೆರಿಕದ ಸೇನೆ ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕಲಸಿ ಬಿಡುತ್ತಿತ್ತು, ನೂರು ಮೀಟರಿನಷ್ಟು ಆಚೀಚೆ ತೋರಿಸುತ್ತಿತ್ತು. 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದ ಮೇಲೆ ಪಟ್ಟಿಗೆ ಕಣ್ಣು ಬಂತು. 2005ರಲ್ಲಿ ಅಮೆರಿಕದಲ್ಲಿ 53,000 ಮಂದಿ ಎಲೆಕ್ಟ್ರಾನಿಕ್ ಕಾವಲಿನಲ್ಲಿದ್ದರೆ 2015ರ ಹೊತ್ತಿಗೆ 1,25,000 ದಾಟಿದ್ದರು.

ಉಪಗ್ರಹ ಮೇಲಿನಿಂದ ಕಳ್ಳನನ್ನು ನೋಡುತ್ತಿರುತ್ತದೆ ಎಂದು ನಮ್ಮ ವಕೀಲರ ಸಂಘದಲ್ಲಿ ಕಾಫಿ ಕುಡಿಯುತ್ತ ವಾದಿಸಿದವರಿದ್ದಾರೆ. ಹಾಗಲ್ಲ. ಉಪಗ್ರಹಕ್ಕೆ ಯಾರೂ ಗೊತ್ತಿಲ್ಲ, ಅದು ಆಕಾಶವಾಣಿಯ ಹಾಗೆ ಸುಮ್ಮನೆ ಸಮಯ ಸಾರುತ್ತಿರುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಾರುವಿಕೆ ಕೇಳಿ, ಯಾವುದು ಎಷ್ಟು ತಡವಾಗಿ ಬಂತೆಂದು ಲೆಕ್ಕ ಹಾಕಿ ತಾನೆಲ್ಲಿದ್ದೇನೆಂದು ತಿಳಿದುಕೊಳ್ಳುವುದು ಕಾಲಿನ ಪಟ್ಟಿ. ಅದನ್ನು ಕಾವಲಿನ ಕಚೇರಿಗೆ ಮುಟ್ಟಿಸುವುದು ಅದರೊಳಗಿನ ಮೊಬೈಲ್ ಸಿಮ್. ಅಂದರೆ ಆಕಾಶ ಕಾಣಬೇಕು, ಟವರ್ ಸಿಗಬೇಕು, ಬ್ಯಾಟರಿ ಇರಬೇಕು. ಈ ಮೂರರಲ್ಲಿ ಯಾವುದು ಕೈಕೊಟ್ಟರೂ ಪರದೆಯ ಮೇಲೆ ಆಸಾಮಿ ನಾಪತ್ತೆ. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ತಿರುಗಿ ಬಂದರೆ, ಮನೆಯೊಳಗೆ ಮಲಗಿದವನು ಪಕ್ಕದ ಬೀದಿಯಲ್ಲಿ ನಿಂತ ಹಾಗೆ ಕಾಣುತ್ತಾನೆ.

ಪಟ್ಟಿಯನ್ನು ನಾನು ಕಣ್ಣಾರೆ ಕಂಡದ್ದು ನ್ಯೂಜೆರ್ಸಿಯಲ್ಲಿ, ಮಗಳ ಮನೆಗೆ ಹೋಗಿದ್ದಾಗ. ಮನೆಯ ವಾಷಿಂಗ್ ಮೆಷಿನ್ ಕೆಟ್ಟಿತ್ತೆಂದು ಬಟ್ಟೆ ಒಗೆಯುವ ಅಂಗಡಿಗೆ ಹೋಗಿದ್ದೆವು. ಅಲ್ಲಿ ಗೋಡೆಯ ಪ್ಲಗ್ ಪಾಯಿಂಟಿನ ಪಕ್ಕ ಕುರ್ಚಿ ಎಳೆದುಕೊಂಡು ಒಬ್ಬ ಕೂತಿದ್ದ. ಒಂದು ಪ್ಯಾಂಟಿನ ಕಾಲು ಮಡಿಚಿತ್ತು, ಗೋಡೆಯಿಂದ ಅವನ ಕಾಲಿಗೆ ಕರಿ ವೈರು. ಮೊದಲು ಏನೋ ಕಾಯಿಲೆ ಇರಬೇಕೆಂದುಕೊಂಡೆ. ಆಮೇಲೆ ಹರಡಿನ ಮೇಲೆ ಸಾಬೂನು ಡಬ್ಬಿಯಷ್ಟು ದಪ್ಪದ ಕರಿ ಪೆಟ್ಟಿಗೆ, ಅದರಲ್ಲೊಂದು ಸಣ್ಣ ದೀಪ ಕಂಡಿತು. ಪಟ್ಟಿ ಉಜ್ಜದಿರಲೆಂದು ಕೆಳಗೆ ಕಾಲುಚೀಲವನ್ನು ಎರಡು ಮಡಿಕೆ ಮಾಡಿದ್ದ. ವೃತ್ತಿಯ ಚಪಲ, ಮಾತಿಗೆಳೆದೆ. ದಿನಾ ಎರಡು ಗಂಟೆ ಹೀಗೆ ಗೋಡೆಗೆ ಕಟ್ಟಿಸಿಕೊಂಡು ಕೂರಬೇಕಂತೆ, ಕೆಲಸದ ನಡುವೆ ಬ್ಯಾಟರಿ ಇಳಿದರೆ ಅದು ನಡುಗುತ್ತದಂತೆ. ಪಟ್ಟಿಯ ಒಳಗೆ ಹಾಯಿಸಿದ ತಂತಿಯ ಎಳೆ ತುಂಡಾದರೆ ಕೂಡಲೇ ಕರೆ ಹೋಗುತ್ತದೆ. ಜೈಲಿಗಿಂತ ವಾಸಿಯೇ ಎಂದು ಕೇಳಿದೆ. ಯೋಚಿಸಿ, ವಾಸಿ ಅಂದ. ಮಗಳು ಕಣ್ಣಲ್ಲೇ ಗದರಿದ್ದರಿಂದ ಮುಂದಕ್ಕೆ ಕೇಳಲಿಲ್ಲ.

ಇಂಗ್ಲೆಂಡಿನದು ಬೇರೆ ರಾಗ. ಟಾಮ್ ಸ್ಟೇಸಿ ಎಂಬ ಪತ್ರಕರ್ತ 1982ರಲ್ಲೇ ಪಟ್ಟಿಗಾಗಿ ಒಂದು ಸಂಘ ಕಟ್ಟಿದ್ದರು, 1989ರಲ್ಲಿ ನಾಟಿಂಗ್‌ಹ್ಯಾಮ್ ಮೊದಲಾದ ಮೂರು ಕಡೆ ಪರೀಕ್ಷೆ ನಡೆಯಿತು. ಕೆಲಸವನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟರು. 2011ರಲ್ಲಿ ಕಂಪನಿಯ ನೌಕರರು ಒಬ್ಬನ ಕೃತಕ ಕಾಲಿಗೆ ಪಟ್ಟಿ ಕಟ್ಟಿ ಹೋದರು. ಅವನು ಕಾಲನ್ನು ಬಿಚ್ಚಿ ಮನೆಯಲ್ಲಿಟ್ಟು ತಾನು ತಿರುಗಾಟಕ್ಕೆ ಹೋಗುತ್ತಿದ್ದ. ಇದು ನಗುವ ಮಾತಾಯಿತು. ಎರಡು ವರ್ಷದ ಮೇಲೆ ಬಯಲಿಗೆ ಬಂದದ್ದು ನಗುವಂಥದ್ದಲ್ಲ. ಜೈಲಿಗೆ ವಾಪಸಾದವರ, ದೇಶ ಬಿಟ್ಟವರ, ಸತ್ತೇಹೋದವರ ಹೆಸರಿನಲ್ಲೂ ಗುತ್ತಿಗೆದಾರರು ಸರ್ಕಾರಕ್ಕೆ ಬಿಲ್ಲು ಹಾಕುತ್ತಿದ್ದರು. ಜಿ4ಎಸ್ ಸುಮಾರು 10.9 ಕೋಟಿ ಪೌಂಡ್, ಸೆರ್ಕೊ 6.85 ಕೋಟಿ ಪೌಂಡ್ ಹಿಂದಿರುಗಿಸಬೇಕಾಯಿತು.

ಕನ್ನಡಿಗರ ಕಿವಿಗೆ ಈ ವಸ್ತು ಬಿದ್ದದ್ದು 2011ರ ಜನವರಿಯಲ್ಲಿ. ಕ್ಯಾಲಿಫೋರ್ನಿಯಾದ ಟ್ರೈ ವ್ಯಾಲಿ ಎಂಬ ನಕಲಿ ವಿಶ್ವವಿದ್ಯಾಲಯಕ್ಕೆ ದುಡ್ಡು ಕಟ್ಟಿ ಸೇರಿದ್ದ ಭಾರತೀಯ ವಿದ್ಯಾರ್ಥಿಗಳ ಮೇಲೆ ಅಲ್ಲಿನ ವಲಸೆ ಇಲಾಖೆ ಬಿದ್ದಿತು. ಅವರಲ್ಲಿ ಹೆಚ್ಚಿನವರು ಆಂಧ್ರದ ಕಡೆಯವರು. ಕೆಲವರ ಕಾಲಿಗೆ ಪಟ್ಟಿ ಕಟ್ಟಿ ಹೊರಗೆ ಬಿಟ್ಟರು. ನಮ್ಮ ಪೇಪರುಗಳು ರೇಡಿಯೋ ಕಾಲರ್ ಎಂದು ಬರೆದವು. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಹುಲಿಗಳಿಗೆ ಹಾಕಿದ್ದನ್ನು ಓದಿದ್ದ ನಮಗೆ ಅದು ಇನ್ನಷ್ಟು ಚುಚ್ಚಿತು. ಆಗ ವಿದೇಶಾಂಗ ಸಚಿವರಾಗಿದ್ದವರು ನಮ್ಮ ಮದ್ದೂರಿನ ಎಸ್. ಎಂ. ಕೃಷ್ಣ. ಮಾತು ಅಳೆದು ಆಡುವ ಅವರೂ, ವಿದ್ಯಾರ್ಥಿಗಳೇನು ಅಪರಾಧಿಗಳಲ್ಲ, ಪಟ್ಟಿ ಕೂಡಲೇ ತೆಗೆಯಬೇಕು ಎಂದು ಖಾರವಾಗಿಯೇ ಕೇಳಿದರು.

ಆ ಸಿಟ್ಟು ನ್ಯಾಯವೇ. ಆದರೆ ಜನರನ್ನು ಕಟ್ಟದೆಯೇ ಕಟ್ಟಿಡುವ ವಿದ್ಯೆ ನಮ್ಮ ನೆಲಕ್ಕೆ ಹೊಸತೇನಲ್ಲ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಡಿ ಬ್ರಿಟಿಷರು ಇಡೀ ಸಮುದಾಯಗಳನ್ನೇ ಹುಟ್ಟಾ ಕಳ್ಳರೆಂದು ಬರೆದುಕೊಂಡರು. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ಅವರನ್ನು ತಂದು ಕೂಡಿಹಾಕಿದ ಜಾಗಗಳಿಗೆ ಈಗಲೂ ಸೆಟ್ಲಮೆಂಟ್ ಎಂದೇ ಹೆಸರು. ಹೊತ್ತು ಹೊತ್ತಿಗೆ ಹಾಜರಿ, ಊರು ಬಿಡಲು ಪಾಸು. 1952ರಲ್ಲಿ ಕಾಯ್ದೆ ರದ್ದಾಯಿತು. 1961ರಲ್ಲಿ ನಮ್ಮ ರಾಜ್ಯದಲ್ಲೇ ರೂಢಿಗತ ಅಪರಾಧಿಗಳ ಕಾಯ್ದೆ ಬಂತು. ಇನ್ನು ಗಡಿಪಾರು. ಕರ್ನಾಟಕ ಪೊಲೀಸ್ ಕಾಯ್ದೆಯ 55ನೇ ಕಲಂ ಪ್ರಕಾರ ಒಬ್ಬನನ್ನು ಜಿಲ್ಲೆಯಿಂದಲೇ ಆಚೆ ಹಾಕಬಹುದು. ಈ ಗೆರೆ ದಾಟಿ ಒಳಗೆ ಬರಬೇಡ ಎಂದು ಜಿಪಿಎಸ್ ಪಟ್ಟಿಗೆ ಇಂದು ಕಂಪ್ಯೂಟರಿನಲ್ಲಿ ಬರೆದುಕೊಡುವುದನ್ನು ನಮ್ಮ ಸಾಹೇಬರುಗಳು ಕಾಗದದ ಮೇಲೆ ಬರೆದುಕೊಂಡೇ ಬಂದಿದ್ದಾರೆ. ರೌಡಿ ಪರೇಡ್ ಬಗ್ಗೆ ನಾನೇನೂ ಹೇಳಬೇಕಿಲ್ಲ, ಟಿವಿಯಲ್ಲಿ ಎಲ್ಲರೂ ನೋಡಿದ್ದೀರಿ.

2020ರ ಮಾರ್ಚ್ ಕೊನೆಗೆ ಇದರ ರುಚಿ ಸಾಮಾನ್ಯರಿಗೂ ಹತ್ತಿತು. ಕೋವಿಡ್ ಸಮಯದಲ್ಲಿ ಮನೆಯಲ್ಲಿ ಕ್ವಾರಂಟೈನ್ ಆದವರು ಗಂಟೆಗೊಂದು ಸೆಲ್ಫಿ ತೆಗೆದು ಸರ್ಕಾರದ ಆ್ಯಪ್‌ಗೆ ಕಳಿಸಬೇಕೆಂದು ರಾಜ್ಯ ಸರ್ಕಾರ ಆದೇಶಿಸಿತು. ಫೋಟೊ ಜತೆ ಎಲ್ಲಿದ್ದೀರೆಂಬ ಜಿಪಿಎಸ್ ಗುರುತೂ ಹೋಗುತ್ತಿತ್ತು. ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಮಾತ್ರ ವಿನಾಯಿತಿ. ನಮ್ಮ ಬೀದಿಯಲ್ಲಿ ದುಬೈಯಿಂದ ಬಂದ ಹುಡುಗನೊಬ್ಬ ಕೈಮೇಲೆ ಶಾಯಿಯ ಮುದ್ರೆ ಒತ್ತಿಸಿಕೊಂಡು ಮಹಡಿಯ ಕೋಣೆಯಲ್ಲಿದ್ದ. ಅವನ ಫೋನಿನ ಅಲಾರಂ ಗಂಟೆಗೊಮ್ಮೆ ಹೊಡೆದುಕೊಳ್ಳುವುದು ಕೆಳಗಿನ ಬೀದಿಗೂ ಕೇಳುತ್ತಿತ್ತು. ನಮ್ಮಲ್ಲಿ ಯಾರೂ ಅದನ್ನು ಶಿಕ್ಷೆ ಎನ್ನಲಿಲ್ಲ.

ಕಾಲಿಗೆ ನಿಜವಾದ ಪಟ್ಟಿ ಬಂದದ್ದು 2023ರ ನವೆಂಬರ್‌ನಲ್ಲಿ. ಭಯೋತ್ಪಾದನೆ ಪ್ರಕರಣದಲ್ಲಿ ಜಾಮೀನು ಪಡೆದ ಒಬ್ಬ ಆರೋಪಿಗೆ ಜಮ್ಮುವಿನ ವಿಶೇಷ ನ್ಯಾಯಾಲಯದ ಆದೇಶದಂತೆ ಅಲ್ಲಿನ ಪೊಲೀಸರು ಕಟ್ಟಿದರು, ದೇಶದಲ್ಲೇ ಮೊದಲು. ಅದೇ ವರ್ಷ ಕೇಂದ್ರ ಗೃಹ ಇಲಾಖೆ ರಾಜ್ಯಗಳಿಗೆ ಕಳಿಸಿದ ಮಾದರಿ ಬಂದೀಖಾನೆ ಕಾಯ್ದೆಯಲ್ಲಿ, ಪಟ್ಟಿ ಕಟ್ಟಿಸಿಕೊಳ್ಳಲು ಒಪ್ಪುವ ಕೈದಿಗೆ ರಜೆ ಕೊಡಬಹುದು ಎಂಬ ಕಲಂ ಇದೆ. ಅಷ್ಟರಲ್ಲಿ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬೇರೊಂದು ಮಾತು ಹೇಳಿತು. ಮಾದಕವಸ್ತು ಪ್ರಕರಣದ ನೈಜೀರಿಯಾದ ಆರೋಪಿಯೊಬ್ಬನಿಗೆ, ಗೂಗಲ್ ಮ್ಯಾಪಿನಲ್ಲಿ ತಾನಿರುವ ಜಾಗದ ಪಿನ್ ಅನ್ನು ತನಿಖಾಧಿಕಾರಿಗೆ ಕಳಿಸುತ್ತಿರಬೇಕೆಂದು ಕೆಳಗೆ ಷರತ್ತು ಹಾಕಿದ್ದರು. ಆರೋಪಿಯ ಖಾಸಗಿ ಬದುಕಿನಲ್ಲಿ ಪೊಲೀಸರು ಸದಾ ಇಣುಕುವಂತೆ ಮಾಡುವ ಷರತ್ತು 21ನೇ ವಿಧಿಗೆ ವಿರುದ್ಧ ಎಂದು ನ್ಯಾಯಪೀಠ ಅದನ್ನು ಕಿತ್ತುಹಾಕಿತು. ಪೀಠದ ಹಿರಿಯರು ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅಭಯ್ ಎಸ್. ಓಕಾ.

ತೀರ್ಪು ಓದಿ ಖುಷಿಪಟ್ಟೆ. ಹಾಗಂತ ಪಟ್ಟಿಯನ್ನು ಸಾರಾಸಗಟು ಬೇಡವೆನ್ನಲು ನನಗೆ ನಾಲಿಗೆ ಏಳುವುದಿಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಜಾಮೀನು ಮಂಜೂರಾದರೂ ಒಳಗೇ ಉಳಿದವರನ್ನು ನಾನು ಕಂಡಿದ್ದೇನೆ. ಆದೇಶದಲ್ಲಿ ಇಬ್ಬರು ಶ್ಯೂರಿಟಿ ಎಂದಿರುತ್ತದೆ. ಶ್ಯೂರಿಟಿ ಎಂದರೆ ಪಹಣಿ. ಪಹಣಿ ಎಂದರೆ ಜಮೀನು. ಹಾಡಿಯವನಿಗೆ, ಲೈನ್ ಮನೆಯವನಿಗೆ, ಬಿಹಾರದಿಂದ ಗಾರೆ ಕೆಲಸಕ್ಕೆ ಬಂದವನಿಗೆ ಎಲ್ಲಿಂದ ಬರಬೇಕು? ಹೇಗೋ ಒಬ್ಬನನ್ನು ಹುಡುಕಿ ತಂದರೆ ಕಟಕಟೆಯಲ್ಲಿ ಅವನಿಗೆ ಪ್ರಶ್ನೆಗಳು ಶುರು. ಆರೋಪಿ ನಿಮಗೆ ಏನಾಗಬೇಕು? ಎಷ್ಟು ಎಕರೆ ಇದೆ? ಮುಂಚೆ ಯಾರಿಗಾದರೂ ನಿಂತಿದ್ದೀರಾ? ಟವಲು ಹೆಗಲಿಂದ ಕೈಗೆ ಬರುತ್ತದೆ, ಕಂಠಪಾಠ ಮಾಡಿಸಿದ್ದೆಲ್ಲ ಮರೆತುಹೋಗುತ್ತದೆ.

ಎಚ್. ಡಿ. ಕೋಟೆ ಕಡೆಯ ಒಬ್ಬ ತಾಯಿಗೆ ಈ ಪಟ್ಟಿಯ ವಿಷಯ ಹೇಳಿದ್ದೆ. "ಕಾಲ್ಗಾದ್ರೂ ಕಟ್ಲಿ, ಕುತ್ಗೆಗಾದ್ರೂ ಕಟ್ಲಿ ಸ್ವಾಮಿ, ಮಗ ಮನೇಗ್ ಬಂದ್ರೆ ಸಾಕು" ಅಂದಳು. ನಾನು ಹಾಡಿಯಲ್ಲಿ ಟವರ್ ಸಿಗುತ್ತದೆಯೇ ಎಂದು ಕೇಳಿದೆ. ಫೋನು ಮಾಡಬೇಕಾದರೆ ರಸ್ತೆವರೆಗೂ ನಡೆದು ಬರಬೇಕಂತೆ. ಕರೆಂಟು ಬಂದರೆ ಬಂತು. ಅಮೆರಿಕದ ಹಲವು ಊರುಗಳಲ್ಲಿ ಪಟ್ಟಿಯ ದಿನಬಾಡಿಗೆಯನ್ನು ಕಟ್ಟಿಸಿಕೊಂಡವನಿಂದಲೇ ವಸೂಲು ಮಾಡುತ್ತಾರೆಂಬುದನ್ನು ಅವಳಿಗೆ ಹೇಳಲು ಹೋಗಲಿಲ್ಲ. ಪಹಣಿ ಇಲ್ಲದವನಿಗೆ ಪಟ್ಟಿಯೇ ಪಹಣಿಯಾಗುವುದಾದರೆ ಆಗಲಿ, ನಾನು ಒಪ್ಪುತ್ತೇನೆ. ನನ್ನ ಅನುಮಾನ ಇಷ್ಟೇ, ಇಬ್ಬರು ಶ್ಯೂರಿಟಿ, ವಾರಕ್ಕೊಮ್ಮೆ ಠಾಣೆಯಲ್ಲಿ ಸಹಿ, ಇವುಗಳ ಬದಲಿಗೆ ಪಟ್ಟಿ ಬರುವುದಿಲ್ಲ. ಇವುಗಳ ಜತೆಗೇ ಬರುತ್ತದೆ. ಷರತ್ತು ಕಳೆದದ್ದನ್ನು ನಾನು ಅಪರೂಪಕ್ಕೆ ಕಂಡಿದ್ದೇನೆ, ಕೂಡಿಸಿದ್ದನ್ನು ದಿನಾ ಕಾಣುತ್ತೇನೆ.

ಮೊನ್ನೆ ನನ್ನ ಜೂನಿಯರ್ ಒಂದು ಅರ್ಜಿ ಟೈಪು ಮಾಡಿಸಿ ತಂದಿದ್ದ. ಕೊನೆಯ ಪ್ಯಾರಾದಲ್ಲಿ, ನ್ಯಾಯಾಲಯ ಆದೇಶಿಸಿದರೆ ಅರ್ಜಿದಾರ ಜಿಪಿಎಸ್ ಪಟ್ಟಿ ಧರಿಸಲೂ ಸಿದ್ಧ ಎಂದು ಸೇರಿಸಿದ್ದ.

"ಇದು ಯಾಕಪ್ಪ?" ಅಂದೆ.

"ಜಮ್ಮುವಿನಲ್ಲಿ ಕೊಟ್ಟಿದ್ದಾರಲ್ಲ ಸಾರ್, ಒಂದು ಕೈ ನೋಡೋಣ ಅಂತ."

"ಸಾಹೇಬ್ರು ಸರಿ ಅಂದುಬಿಟ್ಟರೆ, ಪಟ್ಟಿ ಎಲ್ಲಿಂದ ತರ್ತೀಯ? ಅದು ಬರೋವರೆಗೂ ಅವನು ಒಳಗೇ ಇರಬೇಕಾಗುತ್ತೆ."

ಅವನು ಪೆನ್ನು ತೆಗೆದು ಆ ಸಾಲು ಹೊಡೆದುಹಾಕಿ, ಹುಡುಗನ ಸೋದರಮಾವನಿಗೆ ಫೋನು ಹಚ್ಚಿ ಪಹಣಿ ಯಾರ ಹೆಸರಲ್ಲಿದೆ ಎಂದು ವಿಚಾರಿಸತೊಡಗಿದ.